ಅಮ್ಮನಿಗೆ ಮಂಡಿ ನೋವು, ಆದ್ರೂ ಬಲೂನ್ ಹತ್ತಬೇಕಂತೆ. ಆಲ್ಬುಕರ್ಕಿಗೆ ಕರ್ಕೊಂಡು ಹೋಗಬಹುದಾ?

ಹೇಮಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಡಲ್ಲಾಸ್‌ನಲ್ಲಿ. ಅಪ್ಪ ಅಮ್ಮ ಹಾಸನದಿಂದ ಜೂನ್‌ನಲ್ಲಿ ಬಂದಿದ್ದಾರೆ, ಅಕ್ಟೋಬರ್ ಕೊನೆಗೆ ವಾಪಸ್. ನಯಾಗರಾ ಆಯ್ತು, ನ್ಯೂಯಾರ್ಕ್ ಆಯ್ತು. ಅಮ್ಮನಿಗೆ ಎರಡೂ ಅಷ್ಟಕ್ಕಷ್ಟೇ. ನಯಾಗರಾ ಮುಂದೆ ನಿಂತು "ನಮ್ಮ ಜೋಗ ಇದಕ್ಕಿಂತ ಚೆಂದ" ಅಂದರು. ಹೋದ ವಾರ ಯಾರೋ ಕಳಿಸಿದ ವಿಡಿಯೋದಲ್ಲಿ ಬಲೂನ್ ಫಿಯೆಸ್ಟಾ ನೋಡಿದರು, ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಅಕ್ಟೋಬರ್‌ನಲ್ಲಿ ನಡೆಯುವ ಬಿಸಿಗಾಳಿ ಬಲೂನ್‌ಗಳ ಹಬ್ಬ. ಅವತ್ತಿಂದ ಒಂದೇ ಹಟ, ಅದರಲ್ಲಿ ಕೂರಬೇಕು. ಕೂರೋಕೆ ಜಾಗ ಇರಲ್ಲಮ್ಮ, ನಿಂತೇ ಇರಬೇಕು ಅಂದೆ. "ನಿಂತರಾಯ್ತು, ಹಾಸನದ ಬಸ್ಸಲ್ಲಿ ನಿಂತಿಲ್ವಾ?" ಅಂದರು.

ಅಮ್ಮನಿಗೆ 64. ಎರಡೂ ಮಂಡಿ ನೋವಿದೆ, ಆಪರೇಷನ್ ಆಗಿಲ್ಲ. ಸಮತಟ್ಟಾದ ಕಡೆ ಎಷ್ಟು ಬೇಕಾದ್ರೂ ನಡೀತಾರೆ, ಮೆಟ್ಟಿಲು ಇಳಿಯುವಾಗ ಮಾತ್ರ ಗೋಡೆ ಹಿಡೀತಾರೆ. ಬಿಪಿ ಮಾತ್ರೆ ಇದೆ. ಇಂಥವರನ್ನು ಹತ್ತಿಸಿಕೊಳ್ತಾರಾ? ಅದಕ್ಕಿಂತ ಮುಖ್ಯ, ಹತ್ತಿಸಬೇಕಾ?

ಅಪ್ಪನದು ಬೇರೆ ಪ್ರಶ್ನೆ. ಅವರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. "ಸ್ಟೀರಿಂಗ್ ಇಲ್ಲ, ಬ್ರೇಕ್ ಇಲ್ಲ, ಎಲ್ಲಿ ಇಳಿಸ್ತೀವಿ ಅಂತ ಹೇಳಲ್ಲ. ಇಂಥ ಗಾಡಿಗೆ ಯಾರಾದ್ರೂ ಟಿಕೆಟ್ ತಗೋತಾರೇನೇ?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹೋಗಿ ಬಂದವರು ಯಾರಾದ್ರೂ ಹೇಳಿ.


ಕರಿಬೇವು_ಗಿಡ:

ನಾವು ಹೋಗಿದ್ದು ಟರ್ಕಿಯ ಕಪ್ಪಡೋಕಿಯಾದಲ್ಲಿ, ಗೋರೆಮೆ ಊರಿಂದ. ಅಲ್ಲಿ ಹಾರಬೇಕೋ ಬೇಡವೋ ಅಂತ ಪ್ರತಿ ಬೆಳಿಗ್ಗೆ ಸರ್ಕಾರದ ವಿಮಾನಯಾನ ಇಲಾಖೆಯವರೇ ಹೇಳ್ತಾರೆ. ಅವರು ಬೇಡ ಅಂದರೆ ಊರಿಗೆ ಊರೇ ಹಾರಲ್ಲ. ನಮಗೆ ಎರಡು ದಿನ ಕತ್ತಲಲ್ಲಿ ಎಬ್ಬಿಸಿ, ವ್ಯಾನಲ್ಲಿ ಕೂರಿಸಿ, ಬಿಸ್ಕತ್ತು ಟೀ ಕೊಟ್ಟು ವಾಪಸ್ ಕಳಿಸಿದರು. ಮೂರನೇ ದಿನ ಹಾರಿದೆವು. ಬುಟ್ಟಿಯಲ್ಲಿ ಇಪ್ಪತ್ತು ಜನ, ಹಸುವಿನ ಕೊಟ್ಟಿಗೆ ಥರ ಅಡ್ಡ ಗೋಡೆ ಹಾಕಿ ಬೇರೆ ಬೇರೆ ಭಾಗ ಮಾಡಿರ್ತಾರೆ. ಪೈಲಟ್ ಎಷ್ಟು ಚೆನ್ನಾಗಿ ಇಳಿಸಿದ ಅಂದ್ರೆ ಬುಟ್ಟಿ ನೇರವಾಗಿ ಅದನ್ನು ಸಾಗಿಸುವ ಟ್ರೇಲರ್ ಮೇಲೇ ಕೂತಿತು! ನಮ್ಮತ್ತೆ 66ರಲ್ಲಿ ಬಂದಿದ್ರು, ಏನೂ ಆಗಲಿಲ್ಲ. ಸುಮ್ನೆ ಹೆದರ್ತೀರಿ, ಕರ್ಕೊಂಡು ಹೋಗಿ.

ಒಂದೇ ಮಾತು. ಕೈಯಲ್ಲಿ ಎರಡು ಮೂರು ದಿನ ಇಟ್ಕೊಳ್ಳಿ. ಒಂದೇ ಬೆಳಿಗ್ಗೆ ನಂಬಿಕೊಂಡು ಹೋಗಬೇಡಿ.


ಸ್ಯಾಂಡಿಯಾ_ತಪ್ಪಲು:

ಹೇಮಾವತಿಯವರೇ, ನಾನು ಆಲ್ಬುಕರ್ಕಿಯಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ. ಹೊಟ್ಟೆಪಾಡು ಕಂಪ್ಯೂಟರ್ ಮುಂದೆ. ಏಳು ವರ್ಷದಿಂದ ರಜಾ ದಿನ ಬೆಳಿಗ್ಗೆ ಒಬ್ಬ ಬಲೂನ್ ಪೈಲಟ್‌ಗೆ ಕ್ರೂ (ನೆಲದ ಮೇಲಿನ ಸಹಾಯಕ) ಆಗಿ ಹೋಗುತ್ತೇನೆ. ಸಂಬಳ ಇಲ್ಲ. ಹಸಿಮೆಣಸಿನಕಾಯಿ ಹಾಕಿದ ಬುರಿಟೋ, ಕಾಫಿ, ಆಗೊಮ್ಮೆ ಈಗೊಮ್ಮೆ ಬುಟ್ಟಿಯಲ್ಲಿ ಒಂದು ಜಾಗ. ಅಷ್ಟೇ ಕೂಲಿ.

ನನ್ನ ಕೆಲಸ ಕ್ರೌನ್ ಹಗ್ಗ ಹಿಡಿಯುವುದು. ಬಲೂನ್ ನೆಲದ ಮೇಲೆ ಮಲಗಿರುವಾಗ ಅದರ ನೆತ್ತಿಗೆ ಒಂದು ಉದ್ದ ಹಗ್ಗ ಕಟ್ಟಿರುತ್ತಾರೆ. ಮೊದಲು ದೊಡ್ಡ ಫ್ಯಾನ್ ಇಟ್ಟು ತಣ್ಣನೆ ಗಾಳಿ ತುಂಬುವುದು. ಆಮೇಲೆ ಬರ್ನರ್, ಅಂದರೆ ದೊಡ್ಡ ಗ್ಯಾಸ್ ಒಲೆ. ಒಳಗೆ ಬಿಸಿ ಏರಿದ ಹಾಗೆ ಇಡೀ ಬಟ್ಟೆ ಎದ್ದು ನಿಲ್ಲಲು ನೋಡುತ್ತದೆ. ಒಂದೇ ಸಲ ಎದ್ದರೆ ಆಚೆ ಪಕ್ಕಕ್ಕೆ ತೂಗಿಬಿಡುತ್ತದೆ. ಅದಕ್ಕೆ ನನ್ನಂಥ ಒಬ್ಬ ದಪ್ಪ ಮನುಷ್ಯ ಹಗ್ಗ ಹಿಡಿದು, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ, ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬರಬೇಕು. ನಮ್ಮೂರಲ್ಲಿ ತೇರಿನ ಹಗ್ಗ ನಾವು ಎಳೆಯುತ್ತೇವೆ. ಇಲ್ಲಿ ತೇರೇ ನಮ್ಮನ್ನು ಎಳೆಯುತ್ತದೆ.

ಮೊದಲು ನಿಮ್ಮ ತಂದೆಯವರ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದೇ ಒಳ್ಳೆ ಪ್ರಶ್ನೆ. ಅವರು ಹೇಳಿದ್ದು ನಿಜ. ಸ್ಟೀರಿಂಗ್ ಇಲ್ಲ. ಪೈಲಟ್ ಕೈಯಲ್ಲಿರುವುದು ಮೇಲೆ ಹೋಗುವುದು, ಕೆಳಗೆ ಬರುವುದು, ಎರಡೇ. ಆದರೆ ಗಾಳಿ ಎಲ್ಲ ಎತ್ತರದಲ್ಲೂ ಒಂದೇ ಕಡೆ ಬೀಸುವುದಿಲ್ಲ. ಇಲ್ಲಿ ಪೂರ್ವಕ್ಕೆ ಸ್ಯಾಂಡಿಯಾ ಬೆಟ್ಟ, ಪಶ್ಚಿಮಕ್ಕೆ ರಿಯೋ ಗ್ರಾಂಡೆ ನದಿ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ, ನದಿ ಹರಿದ ದಾರಿಯಲ್ಲೇ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತಿರುತ್ತದೆ. ಅದರ ಮೇಲೆ ಕೆಲವು ನೂರು ಅಡಿ ಹೋದರೆ ಗಾಳಿ ಉಲ್ಟಾ, ದಕ್ಷಿಣದಿಂದ ಉತ್ತರಕ್ಕೆ. ಕೆಳಗಿನ ಗಾಳಿ ಹಿಡಿದು ದಕ್ಷಿಣಕ್ಕೆ ಹೋಗಿ, ಮೇಲೆ ಏರಿ ಉತ್ತರಕ್ಕೆ ವಾಪಸ್ ಬರಬಹುದು. ಇದಕ್ಕೆ ಇಲ್ಲಿಯವರು ಬಾಕ್ಸ್ ಅನ್ನುತ್ತಾರೆ. ಬಾಕ್ಸ್ ಚೆನ್ನಾಗಿ ಕೂತ ದಿನ ಹೊರಟ ಮೈದಾನಕ್ಕೇ ಬಂದು ಇಳಿದವರನ್ನು ನೋಡಿದ್ದೇನೆ. 1972ರಲ್ಲಿ ಒಂದು ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ 13 ಬಲೂನ್ ಇಟ್ಟುಕೊಂಡು ಶುರುವಾದ ಫಿಯೆಸ್ಟಾಕ್ಕೆ ಈಗ 500ಕ್ಕೂ ಜಾಸ್ತಿ ಬಲೂನ್ ಬರುತ್ತವೆ ಅಂದ್ರೆ, ಈ ಗಾಳಿಯ ಗುಣವೂ ಅದಕ್ಕೆ ಒಂದು ಕಾರಣ.

ಬಾಕ್ಸ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಕತ್ತಲಲ್ಲೇ ಪೈಲಟ್ ಒಂದು ಸಣ್ಣ ಹೀಲಿಯಂ ಬಲೂನ್‌ಗೆ ಪುಟ್ಟ ದೀಪ ಕಟ್ಟಿ ಬಿಡುತ್ತಾನೆ. ಪೈಬಾಲ್ ಅಂತಾರೆ. ನಾವೆಲ್ಲ ಕಾಫಿ ಹಿಡಿದು ಕತ್ತು ಎತ್ತಿ ನೋಡುತ್ತೇವೆ. ದೀಪ ಮೊದಲು ಊರ ಕಡೆ ಹೋಗುತ್ತದೆ, ನಿಲ್ಲುತ್ತದೆ, ಆಮೇಲೆ ಮನಸ್ಸು ಬದಲಾಯಿಸಿದವರ ಹಾಗೆ ವಾಪಸ್ ತಿರುಗುತ್ತದೆ. ಆ ತಿರುಗುವ ಜಾಗ ಕಂಡಾಗ ನಮ್ಮ ಪೈಲಟ್ ಮುಖ ನೋಡಬೇಕು. ಅದೇ ಅವನ ಸ್ಟೀರಿಂಗ್. ನಿಮ್ಮ ತಂದೆಗೆ ಹೇಳಿ.

ಈಗ ಅಮ್ಮನ ವಿಷಯ. ಕರಿಬೇವು ಅವರ ಮಾತಿಗೆ ನನ್ನದು ಸ್ವಲ್ಪ ತಕರಾರಿದೆ. ಅವರ ಅತ್ತೆಗೆ ಏನೂ ಆಗಲಿಲ್ಲ, ಸಂತೋಷ. ಟ್ರೇಲರ್ ಮೇಲೆ ಇಳಿದಿದ್ದು ಗಾಳಿ ಇಲ್ಲದ ಒಳ್ಳೆ ದಿನ. ಎಲ್ಲಾ ದಿನ ಹಾಗಿರಲ್ಲ. ಮೇಲೆ ಇರುವ ಒಂದು ಗಂಟೆ ಎಂಥವರಿಗೂ ಕಷ್ಟ ಇಲ್ಲ. ಬಲೂನ್ ಗಾಳಿಯ ಜೊತೆಗೇ ಹೋಗುವುದರಿಂದ ಬುಟ್ಟಿಯೊಳಗೆ ಗಾಳಿಯೇ ಬೀಸಲ್ಲ. ತಲೆ ಮೇಲೆ ಬರ್ನರ್ ಸದ್ದು ನಿಂತರೆ ಕೆಳಗಿನ ನಾಯಿ ಬೊಗಳುವುದು, ಯಾರೋ ಗೇಟು ತೆಗೆಯುವುದು ಎಲ್ಲ ಕೇಳಿಸುತ್ತದೆ. ಅಕ್ಟೋಬರ್ ಆದ್ದರಿಂದ ಮೆಣಸಿನಕಾಯಿ ಸುಡುವ ವಾಸನೆ ಕೂಡ ಮೇಲಕ್ಕೆ ಬರುತ್ತದೆ. ಕಷ್ಟ ಇರುವುದೆಲ್ಲ ಇಳಿಯುವಾಗ, ಕೊನೆಯ ಅರ್ಧ ನಿಮಿಷದಲ್ಲಿ.

ಇದನ್ನು ನಾನು ಕಲಿತದ್ದು ಅನುಭವದಿಂದ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. 2019ರಲ್ಲಿ ನಮ್ಮ ಮಾವ ತೀರ್ಥಹಳ್ಳಿಯಿಂದ ಬಂದಿದ್ದರು. ಬಲಗಾಲಿನ ಮಂಡಿ ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಟಿಕೆಟ್ ಜೊತೆ ಒಂದು ಫಾರ್ಮ್ ಬಂತು. ಇತ್ತೀಚೆಗೆ ಆಪರೇಷನ್ ಆಗಿದೆಯಾ ಅಂತ ಕೇಳಿದ್ದರು. ಆಗಿದೆ ಅಂದರೆ ಬೇಡ ಅನ್ನುತ್ತಾರೆ ಅಂತ ನಾನೇ 'ಇಲ್ಲ' ಅಂತ ಟಿಕ್ ಹಾಕಿದೆ. ಹಾರಿದ್ದು ಚೆನ್ನಾಗಿತ್ತು. ಇಳಿಯುವ ಹೊತ್ತಿಗೆ ಕೆಳಗೆ ಗಾಳಿ ಎದ್ದಿತ್ತು. ಪೈಲಟ್ ಮೊದಲೇ ಹೇಳಿದ್ದ: ಹೋಗುವ ದಿಕ್ಕಿಗೆ ಬೆನ್ನು ಮಾಡಿ, ಒಳಗಿನ ಹಗ್ಗದ ಹಿಡಿ ಹಿಡಿದು, ಮಂಡಿ ಬಗ್ಗಿಸಿ ಕೂತ ಹಾಗೆ ನಿಲ್ಲಿ. ಬುಟ್ಟಿ ಒಂದು ಸಲ ನೆಲಕ್ಕೆ ಬಡಿಯಿತು, ಪುಟಿಯಿತು, ಮತ್ತೆ ಬಡಿದು ಮಗ್ಗುಲಾಯಿತು. ಹಾಗೇ ಮೂವತ್ತು ಅಡಿ ಒಣ ಹುಲ್ಲಿನ ಮೇಲೆ ಜಾರಿತು. ಮಾವ ಮಂಡಿ ಬಗ್ಗಿಸಲಾಗದೆ ನೇರ ನಿಂತಿದ್ದರು. ಪಾದ ಉಳುಕಿತು, ಆರು ವಾರ ಕೋಲು ಹಿಡಿದರು. ಬಿದ್ದ ಬುಟ್ಟಿಯಿಂದ ತೆವಳಿ ಬರುವಾಗ ಅವರು ಕೇಳಿದ್ದು ಒಂದೇ: "ಆ ಫಾರ್ಮಲ್ಲಿ ಏನಂತ ಬರೆದೆ?" ತಪ್ಪು ಪೈಲಟ್‌ದಲ್ಲ. ಅಂಥ ಇಳಿತ ಮಾಮೂಲು, ಉಳಿದವರೆಲ್ಲ ನಗುತ್ತಾ ಎದ್ದು ಬಂದರು. ತಪ್ಪು ನನ್ನದು.

ಅದಕ್ಕೇ ಟಿಕೆಟ್ ತೆಗೆಯುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬುಟ್ಟಿಯ ಗೋಡೆ ಸುಮಾರು ನಾಲ್ಕು ಅಡಿ ಎತ್ತರ. ಬಾಗಿಲು ಇರುವ ಬುಟ್ಟಿ ತೀರಾ ಕಡಿಮೆ. ಹೊರಗಡೆ ಕಾಲಿಡಲು ತೂತು ಇರುತ್ತದೆ, ಅದರಲ್ಲಿ ಪಾದ ಇಟ್ಟು ಏರಿ, ಕಾಲು ಎತ್ತಿ ಒಳಗೆ ಹಾಕಬೇಕು. ನಿಮ್ಮ ಅಡುಗೆಮನೆ ಕಟ್ಟೆ ಮೂರು ಅಡಿ ಇರುತ್ತೆ ಅಲ್ವಾ, ಗಟ್ಟಿ ಸ್ಟೂಲ್ ಇಟ್ಟು ಅಮ್ಮ ಅದರ ಮೇಲೆ ಹತ್ತಿ ಇಳಿಯಲಿ, ನೀವು ಹತ್ತಿರವೇ ಇರಿ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ, ಅರ್ಧ ಕುರ್ಚಿಯ ಹಾಗೆ ಒಂದು ನಿಮಿಷ ನಿಲ್ಲಲಿ. ಎರಡೂ ಆದರೆ ಡಾಕ್ಟರನ್ನು ಕೇಳಿ ಕರೆತನ್ನಿ. ಆಗದಿದ್ದರೆ ಬೇಡ.


ಸಂಶಯ_ರಾಯ:

ಎಲ್ಲಾ ಚೆಂದ ಚೆಂದದ ಮಾತೇ ಆಯ್ತು. ಈಜಿಪ್ಟಿನ ಲಕ್ಸರ್‌ನಲ್ಲಿ 2013ರಲ್ಲಿ ಬೆಂಕಿ ಹತ್ತಿ 19 ಜನ ಸತ್ತಿದ್ದು ಯಾರಿಗೂ ನೆನಪಿಲ್ವಾ? ಅಮೆರಿಕದಲ್ಲೇ ಟೆಕ್ಸಸ್‌ನ ಲಾಕ್‌ಹಾರ್ಟ್ ಹತ್ತಿರ 2016ರಲ್ಲಿ ಒಂದೇ ಬಲೂನ್‌ನಲ್ಲಿ 16 ಜನ ಹೋದರು. ವಯಸ್ಸಾದವರನ್ನು ಗ್ಯಾಸ್ ಸಿಲಿಂಡರ್ ಜೊತೆ ಬುಟ್ಟಿಯಲ್ಲಿ ಹಾಕಿ ಮೇಲೆ ಕಳಿಸೋದು ಎಂಥ ಮೋಜು? ಅಮ್ಮನಿಗೆ ಕೆಳಗಿಂದ ತೋರಿಸಿ, ಸಾಕು.


ಸ್ಯಾಂಡಿಯಾ_ತಪ್ಪಲು:

ರಾಯರೇ, ನೆನಪಿದೆ. ನಮ್ಮೂರಿನದನ್ನೂ ಸೇರಿಸಿಕೊಳ್ಳಿ. 2021ರ ಜೂನ್‌ನಲ್ಲಿ ಆಲ್ಬುಕರ್ಕಿಯಲ್ಲೇ ಬಲೂನ್ ಕರೆಂಟ್ ತಂತಿಗೆ ತಗುಲಿ ಐದು ಜನ ತೀರಿಕೊಂಡರು. ಅವತ್ತಿನಿಂದ ನಮ್ಮ ಕ್ರೂನಲ್ಲಿ ತಂತಿ ಅನ್ನುವ ಮಾತು ಬಂದರೆ ಎಲ್ಲರೂ ಒಂದು ಗಳಿಗೆ ಸುಮ್ಮನಾಗುತ್ತೇವೆ.

ಲಾಕ್‌ಹಾರ್ಟ್‌ನದೂ ತಂತಿಯೇ. ಬಲೂನ್‌ಗೆ ದೊಡ್ಡ ಶತ್ರು ಎತ್ತರ ಅಲ್ಲ, ಕರೆಂಟ್ ತಂತಿ. ಆ ದಿನ ಮೋಡ, ಮಂಜು ಇದ್ದರೂ ಪೈಲಟ್ ಹೊರಟಿದ್ದ. ಹಾರಿಸಬಾರದಂಥ ಔಷಧಿಗಳನ್ನೂ ತೆಗೆದುಕೊಳ್ಳುತ್ತಿದ್ದ ಅಂತ ತನಿಖೆಯಲ್ಲಿ ಗೊತ್ತಾಯಿತು. ಆಗ ಇಲ್ಲಿ ವಿಮಾನದ ಪೈಲಟ್‌ಗಳಿಗೆ ಇರುವ ವೈದ್ಯಕೀಯ ತಪಾಸಣೆ ಬಲೂನ್‌ನವರಿಗೆ ಇರಲೇ ಇಲ್ಲ. ದುಡ್ಡು ತೆಗೆದುಕೊಂಡು ಜನರನ್ನು ಹತ್ತಿಸುವವರಿಗೆ ಅದು ಬೇಕೇ ಬೇಕು ಅಂತ 2022ರಲ್ಲಿ ನಿಯಮ ಬಂತು. ಆರು ವರ್ಷ ಹಿಡಿಯಿತು. ನನಗೆ ಈಗಲೂ ಆ ವಿಷಯಕ್ಕೆ ಸಿಟ್ಟಿದೆ.

ಆದ್ದರಿಂದ ಹೇಮಾವತಿಯವರೇ, ದರ ಕೇಳುವ ಮೊದಲು ಪೈಲಟ್‌ನ ಕಮರ್ಷಿಯಲ್ ಲೈಸೆನ್ಸ್, ಮೆಡಿಕಲ್ ಸರ್ಟಿಫಿಕೇಟ್ ಕೇಳಿ. ಸಂಕೋಚ ಬೇಡ, ಒಳ್ಳೆಯವರು ತೋರಿಸುತ್ತಾರೆ. ಆಮೇಲೆ ಇನ್ನೊಂದು ಕೇಳಿ: "ಈ ವರ್ಷ ಎಷ್ಟು ದಿನ ಹಾರದೆ ವಾಪಸ್ ಬಂದಿರಿ?" ಇದಕ್ಕೆ ಹೆಮ್ಮೆಯಿಂದ ಉತ್ತರ ಕೊಡುವವನ ಬುಟ್ಟಿ ಹತ್ತಿ. "ನಾವು ಕ್ಯಾನ್ಸಲ್ ಮಾಡೋದೇ ಇಲ್ಲ" ಅನ್ನುವವನ ಹತ್ತಿರ ಹೋಗಲೇಬೇಡಿ. ನಮ್ಮ ಪೈಲಟ್ ಒಂದು ಸಲ ಜನರನ್ನೆಲ್ಲ ಬುಟ್ಟಿಗೆ ಹತ್ತಿಸಿ, ಬರ್ನರ್ ಹಚ್ಚಿ, ಪಕ್ಕದ ಮರದ ಎಲೆ ಅಲ್ಲಾಡುವುದನ್ನೇ ನೋಡುತ್ತಾ ನಿಂತ. ಒಂದು ನಿಮಿಷ ಆದಮೇಲೆ "ಇಳೀರಿ, ಇವತ್ತು ಆಗಲ್ಲ" ಅಂದ. ಒಬ್ಬರು ಬೈದರು. ಅವನು ಎಲ್ಲರ ದುಡ್ಡು ವಾಪಸ್ ಕೊಟ್ಟು ಬುರಿಟೋ ತಿನ್ನಲು ಹೋದ. ನೆಲದ ಮೇಲೆ ಗಂಟೆಗೆ ಎಂಟು ಹತ್ತು ಮೈಲಿ ಗಾಳಿ ದಾಟಿದರೆ ಅವನ ಲೆಕ್ಕದಲ್ಲಿ ಅವತ್ತು ಹಾರುವ ದಿನವೇ ಅಲ್ಲ.

ವಯಸ್ಸಿನ ಮಾತಿಗೆ ಮಾತ್ರ ನಾನು ಒಪ್ಪಲ್ಲ. ಉದ್ಯಮಿ ವಿಜಯ್‌ಪತ್ ಸಿಂಘಾನಿಯಾ ಮುಂಬೈಯಿಂದ ಬಿಸಿಗಾಳಿ ಬಲೂನ್‌ನಲ್ಲಿ 21,027 ಮೀಟರ್ ಏರಿ ದಾಖಲೆ ಮಾಡಿದ್ದು 2005ರ ನವೆಂಬರ್‌ನಲ್ಲಿ. ಆಗ ಅವರಿಗೆ 67. ವಯಸ್ಸು ಅಡ್ಡಿ ಅಲ್ಲ, ಮಂಡಿ ಅಡ್ಡಿ.


ಹೇಮಾವತಿ_ದಂಡೆ:

ತಪ್ಪಲು ಸರ್, ತುಂಬಾ ಥ್ಯಾಂಕ್ಸ್. ಫಾರ್ಮ್ ಕತೆ ಓದಿ ನನಗೆ ಮೈ ಜುಂ ಅಂತು, ಯಾಕಂದ್ರೆ ನಾನೂ ಬಿಪಿ ವಿಷಯ ಬರೆಯೋದು ಬೇಡ ಅಂದುಕೊಂಡಿದ್ದೆ. ಇನ್ನೆರಡು ಸಣ್ಣ ಪ್ರಶ್ನೆ. ಬುಕ್ ಮಾಡುವಾಗ ಎಲ್ಲರ ತೂಕ ಕೇಳ್ತಾರಂತೆ, ಯಾಕೆ? ಅಮ್ಮ ಐದು ಕೆಜಿ ಕಡಿಮೆ ಹೇಳು ಅಂತಾರೆ. ಮತ್ತೆ ಸೀರೆ ಉಡಬಹುದಾ?

ಪರೀಕ್ಷೆ ಇವತ್ತು ಸಂಜೆ ಮಾಡಿಸ್ತೀನಿ.


ಸ್ಯಾಂಡಿಯಾ_ತಪ್ಪಲು:

ತೂಕದಲ್ಲಿ ಸುಳ್ಳು ಬೇಡ ಅಂತ ಅಮ್ಮನಿಗೆ ಹೇಳಿ! ಲೆಕ್ಕ ಸುಲಭ. ನಮ್ಮ ಬಲೂನ್ ಒಳಗೆ ಸುಮಾರು 3,000 ಘನ ಮೀಟರ್ ಗಾಳಿ ಹಿಡಿಯುತ್ತದೆ. ಗಾಳಿಗೆ ತೂಕವೇ ಇಲ್ಲ ಅಂದುಕೊಳ್ಳುತ್ತೇವೆ, ಆದರೆ ಅಷ್ಟು ತಣ್ಣನೆ ಗಾಳಿ ಮೂರು ಟನ್ ತೂಗುತ್ತದೆ. ಅದನ್ನು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಸಿದರೆ ಹಿಗ್ಗಿ, ಕಾಲು ಭಾಗದಷ್ಟು ಬಾಯಿಂದ ಹೊರಗೆ ಹೋಗುತ್ತದೆ. ಹೋದ ಆ ಏಳುನೂರು ಚಿಲ್ಲರೆ ಕೆಜಿ ಏನಿದೆ, ಅಷ್ಟೇ ನಮಗೆ ಎತ್ತಲು ಸಿಗುವುದು. ಬಟ್ಟೆ, ಬುಟ್ಟಿ, ಬರ್ನರ್, ತುಂಬಿದ ಸಿಲಿಂಡರ್ ಸೇರಿ ಅರ್ಧದಷ್ಟು ತಿಂದುಬಿಡುತ್ತವೆ. ಉಳಿದದ್ದು ಪೈಲಟ್ ಮತ್ತು ಮೂರು ಜನ. ಈ ಊರೇ ಸಮುದ್ರಕ್ಕಿಂತ 1,600 ಮೀಟರ್ ಮೇಲಿದೆ, ಗಾಳಿ ತೆಳು. ಬಿಸಿಲು ಏರಿ ಹೊರಗಿನ ಗಾಳಿ ಬೆಚ್ಚಗಾದರೆ ಎತ್ತುವ ಶಕ್ತಿ ಇನ್ನೂ ಕಡಿಮೆ. ಅದಕ್ಕೇ ಚಳಿಯಲ್ಲಿ, ಬೆಳಗಾಗುವ ಹೊತ್ತಿಗೆ ಹಾರುವುದು. ಬಿಸಿಲೇರಿದರೆ ನೆಲದಿಂದ ಗಾಳಿ ಕುದಿದು ಏಳುತ್ತದೆ, ಆಗ ಇಳಿಯುವುದೂ ಕಷ್ಟ.

ಸೀರೆ ಬೇಡ. ಕಾಲು ಎತ್ತಿ ದಾಟಬೇಕು, ನೆರಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ನೈಲಾನ್, ಪಾಲಿಯೆಸ್ಟರ್ ಏನೂ ಬೇಡ, ಬರ್ನರ್ ಹತ್ತಿರ ಅದು ಕರಗಿ ಮೈಗೆ ಅಂಟುತ್ತದೆ. ಹತ್ತಿಯ ಚೂಡಿದಾರ್, ಉಲ್ಲನ್ ಸ್ವೆಟರ್, ಕಾಲಿಗೆ ಶೂ. ತಲೆಗೆ ಹತ್ತಿ ಟೋಪಿ ಇರಲಿ, ಚಳಿಗಲ್ಲ, ನೆತ್ತಿ ಸುಡುತ್ತದೆ. ಬಾತ್‌ರೂಮ್ ಕೆಲಸ ಮೊದಲೇ ಮುಗಿಸಿ. ಮೇಲೆ ಹೋದಮೇಲೆ ದೇವರೇ ಗತಿ.


ಹೇಮಾವತಿ_ದಂಡೆ:

ಪರೀಕ್ಷೆ ಮುಗೀತು. ಕಟ್ಟೆ ಹತ್ತಿದ್ದು ನೋಡಬೇಕಿತ್ತು ನೀವು. ಅಟ್ಟ ಹತ್ತಿ ಉಪ್ಪಿನಕಾಯಿ ಜಾಡಿ ಇಳಿಸಿದ ಅನುಭವ, ಒಂದೇ ಸಲಕ್ಕೆ ಏರಿದರು. ಕಟ್ಟೆ ಮೇಲೆ ಕೂತು ಮೊಮ್ಮಗಳ ಹತ್ತಿರ ಫೋಟೋ ತೆಗೆಸಿಕೊಂಡರು. ಗೋಡೆ ಪರೀಕ್ಷೆಯಲ್ಲಿ ಮಾತ್ರ ಹದಿನೈದು ಸೆಕೆಂಡಿಗೆ ಮುಖ ಕಿವುಚಿತು. ಇಪ್ಪತ್ತಕ್ಕೆ ಕೈ ಚಾಚಿದರು, ನಾನು ಹಿಡಿದುಕೊಂಡೆ. ಮತ್ತೊಂದು ಸಲ ಮಾಡ್ತೀನಿ ಅಂದರು. ಆಗಲೂ ಅಷ್ಟೇ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ಬಂದು ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತರು, ಯಾರೂ ಹೇಳಿರಲಿಲ್ಲ. ಒಂದು ನಿಮಿಷ ಇಪ್ಪತ್ತು ಸೆಕೆಂಡ್! "ಡಿಪೋದಲ್ಲಿ ಬಸ್ ಕೆಳಗೆ ಕೂತು ಕೆಲಸ ಮಾಡಿದ ಮಂಡಿ ಇದು" ಅಂತ ಅಮ್ಮನಿಗೆ ಉರಿಸ್ತಾ ಇದ್ದಾರೆ. ಹಾರಲು ಮಾತ್ರ ಬರಲ್ಲವಂತೆ.

ಈಗ ಏನು ಮಾಡೋದು ಸರ್? ಅಮ್ಮ "ಬರೀ ನೋಡೋಕೆ ಹತ್ತು ಗಂಟೆ ಕಾರಲ್ಲಿ ಬರಲ್ಲ" ಅಂತಿದ್ದಾರೆ.


ಸ್ಯಾಂಡಿಯಾ_ತಪ್ಪಲು:

ಬರೀ ನೋಡೋಕೆ ಯಾರು ಹೇಳಿದ್ದು? ನಮ್ಮ ಪೈಲಟ್‌ನ ನಿನ್ನೆ ರಾತ್ರಿ ಕೇಳಿದೆ. ಅಮ್ಮ ಕ್ರೂ ಆಗಿ ಬರಲಿ ಅಂದಿದ್ದಾನೆ. ಫ್ಯಾನ್ ಹಾಕಿದಾಗ ಬಲೂನ್‌ನ ಬಾಯಿಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಎತ್ತಿ ಅಗಲಿಸಿ ಹಿಡಿಯಬೇಕು. ಅದಕ್ಕೆ ಮಂಡಿ ಬೇಡ, ಕೈ ಸಾಕು. ಅಕ್ಕಿ ಮೂಟೆಯ ಬಾಯಿ ಹಿಡಿದ ಹಾಗೆ, ಆದರೆ ಮೂಟೆ ಮನೆಯಷ್ಟು ದೊಡ್ಡದು. ಒಳಗೆ ನೋಡಿದರೆ ಬಣ್ಣ ಬಣ್ಣದ ಬೆಳಕು ಬಿದ್ದ ಗುಹೆ. ಏಳು ವರ್ಷದಲ್ಲಿ ನನಗೆ ಹಾರುವುದಕ್ಕಿಂತ ಇಷ್ಟವಾದದ್ದು ಆ ನೋಟ. ಬರ್ನರ್ ಹಚ್ಚುವ ಮೊದಲು ಅಮ್ಮನನ್ನು ಪಕ್ಕಕ್ಕೆ ಕರೆದು, ಆ ಜಾಗಕ್ಕೆ ನಮ್ಮವರು ಬರುತ್ತಾರೆ.

ಅಪ್ಪನಿಗೂ ಕೆಲಸ ಇದೆ. ಬಲೂನ್ ಎದ್ದ ಮೇಲೆ ನಾವು ಚೇಸ್ ಗಾಡಿಯಲ್ಲಿ ಹಿಂದೆ ಓಡಬೇಕು. ಯಾವ ಬೀದಿ ಎಲ್ಲಿ ಮುಗಿಯುತ್ತೆ, ಯಾವ ಹೊಲದಲ್ಲಿ ಕುದುರೆ ಇದೆ, ತಂತಿ ಎಲ್ಲಿದೆ ಅಂತ ರೇಡಿಯೋದಲ್ಲಿ ಮೇಲೆ ಹೇಳುತ್ತಿರಬೇಕು. ಇಳಿದ ಮೇಲೆ ಹೊಲದವರ ಹತ್ತಿರ ಹೋಗಿ ಗಾಡಿ ಒಳಗೆ ತರಬಹುದಾ ಅಂತ ಕೇಳಬೇಕು. ಡ್ರೈವರ್ ಪಕ್ಕದ ಸೀಟು ಅವರಿಗೆ. ಸ್ಟೀರಿಂಗ್ ಇರುವ ಗಾಡಿ, ಬೇಜಾರಿಲ್ಲ.

ಫಿಯೆಸ್ಟಾದ ಮೊದಲ ಶನಿವಾರ ಬೇಡ, ವಿಪರೀತ ಜನ. ಮಂಗಳವಾರ, ಬುಧವಾರ ಎರಡೂ ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ನಾಲ್ಕೂವರೆಗೆ ಗೇಟ್ ಹತ್ತಿರ ಇರಿ. ಹಸಿರು ಬಾವುಟ ಹಾರಿದರೆ ಹಾರುತ್ತೇವೆ, ಹಳದಿ ಆದರೆ ಕಾಯುತ್ತೇವೆ, ಕೆಂಪಾದರೆ ನಮ್ಮನೆಗೆ ಬಂದು ತಿಂಡಿ ತಿನ್ನಿ. ಅಮ್ಮನಿಗೆ ಒಂದು ಜೊತೆ ಚರ್ಮದ ಕೈಗವಸು ತನ್ನಿ, ತೋಟದ ಕೆಲಸಕ್ಕೆ ಹಾಕುವಂಥದ್ದು. ರಬ್ಬರಿನದು ಬೇಡ.


ಹೇಮಾವತಿ_ದಂಡೆ:

ಕೈಗವಸು ತಂದಾಯ್ತು ಸರ್. ಅಮ್ಮ ಅದನ್ನು ಹಾಕಿಕೊಂಡೇ ಟಿವಿ ನೋಡ್ತಿದ್ದಾರೆ. ಅಪ್ಪ ನಿಮ್ಮ ಊರಿನ ಮ್ಯಾಪ್ ಪ್ರಿಂಟ್ ತೆಗೆಸಿಕೊಡು ಅಂತ ಕೂತಿದ್ದಾರೆ, ತಂತಿಗಳನ್ನು ಕೆಂಪು ಪೆನ್ನಲ್ಲಿ ಗುರುತು ಹಾಕ್ತಾರಂತೆ. ಚಟ್ನಿಪುಡಿ ತರಲಾ, ಕೋಡುಬಳೆ ತರಲಾ?


ಸ್ಯಾಂಡಿಯಾ_ತಪ್ಪಲು:

ಎರಡೂ. ಪೈಲಟ್‌ಗೆ ಕೋಡುಬಳೆ ಅಂದ್ರೆ ಪ್ರಾಣ.